ಟಕ್ ಎನ್ನದ ಕಾರು

ಮೇ ತಿಂಗಳ ನಡುಹಗಲು. ಕಲಬುರಗಿಯ ಬಿಸಿಲು 40 ಡಿಗ್ರಿಯನ್ನು ದಾಟಿ ಬಹಳ ಹೊತ್ತಾಗಿದೆ. ಬಾಡಿಗೆಯ ಕಾರೊಂದು ಆಸ್ಪತ್ರೆಯ ಬಾಗಿಲಿನಿಂದ ಹೊರಟು ಸೇಡಮಿನ ದಾರಿ ಹಿಡಿದಿದೆ. ಹಿಂದಿನ ಆಸನದಲ್ಲಿ, ಅಂದು ಬೆಳಿಗ್ಗೆಯಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡ ವೃದ್ಧೆ. ಪಕ್ಕದಲ್ಲಿ ಆಕೆಯ ಮಗಳು. ಊರು ದಾಟುವವರೆಗೆ ತಣ್ಣನೆಯ ಗಾಳಿ ಬೀಸುತ್ತಿದ್ದ ಎ.ಸಿ. ಇದ್ದಕ್ಕಿದ್ದಂತೆ ಒಲೆಯ ಉಸಿರನ್ನು ಬಿಡತೊಡಗುತ್ತದೆ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಬೇಗೆ. ಕಟ್ಟಿದ ಕಣ್ಣಿಗೆ ಧೂಳು ಸೋಕಬಾರದೆಂದು ವೈದ್ಯರು ಎಚ್ಚರಿಸಿ ಕಳುಹಿಸಿದ್ದಾರೆ.

“ಯಾಕೋ ತಮ್ಮಾ, ತಂಪು ಬಂದ್ ಆತಲ್ಲ?” ಎನ್ನುತ್ತಾಳೆ ವೃದ್ಧೆ.

“ಏನ್ ಮಾಡ್ಲಿ ಯವ್ವಾ, ಮುಂಜಾನಿ ಛಲೋ ನಡೀತದ, ಹೊತ್ತೇರಿದ್ರ ಕೈ ಕೊಡ್ತದ. ಕಂಪ್ರೆಸರ್ ಹೋಗ್ಯದ ಅಂತಾರ ಗ್ಯಾರೇಜಿನ್ಯಾಗ.”

‘ಹೋಗ್ಯದ’ ಎಂಬ ಆ ಒಂದು ಮಾತಿನ ಬೆಲೆ ಆ ಚಾಲಕನ ಪಾಲಿಗೆ ಒಂದು ತಿಂಗಳ ದುಡಿಮೆ. ಬೇಸಗೆಯಲ್ಲಿ ತಂಪಿಲ್ಲದ ಬಾಡಿಗೆ ಕಾರನ್ನು ಯಾರೂ ಹತ್ತರು. ಹೊಸ ಕಂಪ್ರೆಸರನ್ನು ಹಾಕಿಸಲು ಕೈಯಲ್ಲಿ ಹಣವಿಲ್ಲ. ಆದರೆ ಆ ತೀರ್ಪು ಸರಿಯಾದುದೇ? ಮುಂಜಾನೆ ಚೆನ್ನಾಗಿ ನಡೆದು ಮಧ್ಯಾಹ್ನ ಮುಷ್ಕರ ಹೂಡುವ ಯಂತ್ರ ಸತ್ತಿದೆ ಎನ್ನುವುದು ಹೇಗೆ? ಸತ್ತದ್ದು ಮರುದಿನ ಬೆಳಿಗ್ಗೆ ಎದ್ದು ಕೂರುವುದಿಲ್ಲವಷ್ಟೆ.

ಇದನ್ನು ಅರಿಯಬೇಕಾದರೆ ಬಾನೆಟ್ಟಿನ ಕೆಳಗೆ ಒಮ್ಮೆ ಇಣುಕಬೇಕು. ಅದಕ್ಕೂ ಮೊದಲು ತುಸು ಹಿಂದಿನ ಕಾಲಕ್ಕೆ ಹೋಗಬೇಕು. ಅಮೆರಿಕದ ಪ್ಯಾಕರ್ಡ್ ಕಂಪನಿಯವರು 1939ರಲ್ಲಿ, ತಮ್ಮ 1940ನೆಯ ಸಾಲಿನ ಕಾರುಗಳಿಗೆಂದು, ವಾಯುನಿಯಂತ್ರಣದ ಸೌಕರ್ಯವನ್ನು ಮಾರುಕಟ್ಟೆಗೆ ತಂದರು. ಕಾರ್ಖಾನೆಯಿಂದಲೇ ಎ.ಸಿ. ಕೂಡಿಸಿಕೊಂಡು ಬಂದ ಮೊದಲ ಕಾರುಗಳೆಂಬ ಕೀರ್ತಿ ಅವುಗಳದು. ಗಾಳಿಯನ್ನು ತಂಪಾಗಿಸುವ ಪೆಟ್ಟಿಗೆ ಹಿಂಬದಿಯ ಡಿಕ್ಕಿಯಲ್ಲಿ ಅರ್ಧ ಜಾಗವನ್ನು ನುಂಗಿ ಕುಳಿತಿತ್ತು. ಇದಕ್ಕಿಂತ ದೊಡ್ಡ ತೊಡಕು ಬೇರೊಂದು: ಅದರ ಕಂಪ್ರೆಸರಿಗೆ ಕ್ಲಚ್ಚು ಇರಲಿಲ್ಲ. ಎಂಜಿನ್ ತಿರುಗುವಷ್ಟು ಹೊತ್ತೂ ಅದು ತಿರುಗಲೇಬೇಕು. ತಂಪು ಸಾಕೆನಿಸಿದ ಸಾಹುಕಾರ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟನ್ನು ಕಳಚಿ ಬರಬೇಕಾಗಿತ್ತು! ಈ ಫಜೀತಿಯನ್ನು ತಪ್ಪಿಸಿದ್ದು ವಿದ್ಯುತ್ ಕಾಂತದ ಕ್ಲಚ್ಚು.

ಗೇರು ಬದಲಿಸುವಾಗ ಕಾಲಿನಲ್ಲಿ ತುಳಿಯುವ ಕ್ಲಚ್ಚಿಗೂ ಇದಕ್ಕೂ ಹೆಸರಿನ ನಂಟೇ ಹೊರತು ಬೇರೆ ನಂಟಿಲ್ಲ. ಕಂಪ್ರೆಸರಿನ ಮೂತಿಯ ಮೇಲೆ ಬಾವಿಯ ರಾಟೆಯಂಥ ಒಂದು ಪುಲ್ಲಿ ಇದೆ. ಬೆಲ್ಟು ಅದನ್ನು ಸದಾ ತಿರುಗಿಸುತ್ತಲೇ ಇರುತ್ತದೆ. ಆದರೆ ಆ ಪುಲ್ಲಿ ತನ್ನ ಬೇರಿಂಗಿನ ಮೇಲೆ ಬಿಡಿಯಾಗಿ ಸುತ್ತುವುದರಿಂದ ಒಳಗಿನ ಅಚ್ಚು ಅಲುಗದು. ಗಾಣಕ್ಕೆ ಹೂಡದ ಎತ್ತು ಸುತ್ತು ಹಾಕಿದಂತೆ. ಸುತ್ತು ಉಂಟು, ಎಣ್ಣೆಯಿಲ್ಲ. ಪುಲ್ಲಿಯ ಮುಂದೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ಉಕ್ಕಿನ ತಟ್ಟೆ ನಿಂತಿರುತ್ತದೆ. ಅದು ಅಚ್ಚಿಗೆ ಸೇರಿದ್ದು. ಪುಲ್ಲಿಯ ಹಿಂದೆ ತಾಮ್ರದ ತಂತಿಯ ಸುರುಳಿ, ಗ್ಯಾರೇಜಿನವರ ಮಾತಿನಲ್ಲಿ ‘ಕಾಯಿಲ್’, ಅಡಗಿರುತ್ತದೆ. ಈ ಸುರುಳಿಗೆ 12 ವೋಲ್ಟಿನ ವಿದ್ಯುತ್ತು ಹರಿದೊಡನೆ ಅದು ಅಯಸ್ಕಾಂತವಾಗಿ ತಟ್ಟೆಯನ್ನು ಎಳೆದು ಪುಲ್ಲಿಗೆ ಅಪ್ಪಳಿಸುತ್ತದೆ. ‘ಟಕ್!’ ಎಂಬ ಸದ್ದು. ಎತ್ತು ಗಾಣಕ್ಕೆ ಹೂಡಿತು, ಕಂಪ್ರೆಸರ್ ತಿರುಗಿತು, ತಂಪು ಹುಟ್ಟಿತು.

ಈ ‘ಟಕ್’ ಕೇಳದಿದ್ದಾಗ ಕಾರಿನ ಒಡೆಯನಿಗಾಗಲಿ ಅವಸರದ ಮೆಕ್ಯಾನಿಕ್ಕಿಗಾಗಲಿ ಮೊದಲು ಹೊಳೆಯುವುದು ‘ಕ್ಲಚ್ಚು ಕೆಟ್ಟಿದೆ’ ಎಂಬ ಮಾತು. ಆದರೆ ಆ ಕ್ಲಚ್ಚು ಅನೇಕ ವೇಳೆ ಕೆಟ್ಟಿರುವುದಿಲ್ಲ, ಅಪ್ಪಣೆಯಿಲ್ಲದೆ ಸುಮ್ಮನಿರುತ್ತದೆ. ಚಾಲಕ ಒತ್ತುವ ಗುಂಡಿ ಅಪ್ಪಣೆಯಲ್ಲ, ಬರಿಯ ಅರ್ಜಿ. ಅದು ಹಲವು ಮೇಜುಗಳನ್ನು ದಾಟಿ ಮಂಜೂರಾಗಬೇಕು. ಒಳಗೆ ಗಾಳಿ ಬೀಸುವ ಬ್ಲೋವರ್ ತಿರುಗುತ್ತಿದೆಯೆ? ತಂಪಿನ ಪೆಟ್ಟಿಗೆಯ ಮೇಲೆ ಹಿಮ ಕಟ್ಟುವಷ್ಟು ಚಳಿಯಾಗಿಲ್ಲವೆ? ಕೊಳವೆಯೊಳಗಿನ ಅನಿಲದ ಒತ್ತಡ ಹದವಾಗಿದೆಯೆ? ಎಂಜಿನ್ ಅತಿಯಾಗಿ ಕಾದಿಲ್ಲವೆ? ಇವೆಲ್ಲಕ್ಕೂ ಒಪ್ಪಿಗೆ ಬಿದ್ದ ಮೇಲೆಯೇ ಎಂಜಿನ್ನಿನ ಗಣಕಯಂತ್ರ ರಿಲೇಗೆ ಸನ್ನೆ ಮಾಡುತ್ತದೆ. ರಿಲೇ ಫ್ಯೂಸಿನ ಮೂಲಕ ಬಂದ ವಿದ್ಯುತ್ತನ್ನು ಸುರುಳಿಗೆ ದಾಟಿಸುತ್ತದೆ. ನಡುವೆ ಒಬ್ಬನು ‘ಆಗದು’ ಎಂದರೂ ಕ್ಲಚ್ಚು ಹಿಡಿಯದು.

ಇವರೆಲ್ಲರಲ್ಲಿ ಅತಿ ಕಟ್ಟುನಿಟ್ಟಿನ ಅಧಿಕಾರಿ ಒತ್ತಡದ ಸ್ವಿಚ್ಚು. ಅನೇಕ ಕಾರುಗಳಲ್ಲಿ ಅನಿಲದ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಮಿಗಿಂತ ಕೆಳಗಿಳಿದರೆ ಅದು ತಂತಿಯನ್ನು ಕಡಿಯುತ್ತದೆ. ಸುಮಾರು 32 ಕಿಲೋಗ್ರಾಮನ್ನು ಮೀರಿದರೂ ಕಡಿಯುತ್ತದೆ. ಇದರಲ್ಲಿ ಹಟವೇನೂ ಇಲ್ಲ. ಕಂಪ್ರೆಸರಿಗೆ ಬೇಕಾದ ಎಣ್ಣೆ ಎಂಜಿನ್ನಿನಿಂದ ಬರುವುದಿಲ್ಲ. ಅನಿಲದೊಡನೆ ಬೆರೆತು, ಅದರ ಜೊತೆಯಲ್ಲೇ ಸುತ್ತಿ ಬರುತ್ತದೆ. ಅನಿಲ ಸೋರಿ ಹೋಯಿತೆಂದರೆ ಎಣ್ಣೆಯನ್ನು ಹೊತ್ತು ತರುವ ವಾಹನವೇ ಇಲ್ಲದಂತಾಯಿತು. ಆಗಲೂ ಕಂಪ್ರೆಸರ್ ತಿರುಗಿದರೆ ಉಕ್ಕಿಗೆ ಉಕ್ಕು ಉಜ್ಜಿ ಒಣಗಿ ಸಾಯುತ್ತದೆ.

ಗ್ಯಾರೇಜುಗಳಲ್ಲಿ ‘ಡೈರೆಕ್ಟ್ ಕೊಡುವುದು’ ಎಂಬ ಒಂದು ಚಿಕಿತ್ಸೆಯುಂಟು. ಸ್ವಿಚ್ಚಿನ ಎರಡು ತಂತಿಗಳನ್ನು ಒಂದಾಗಿ ಹೊಸೆದು, ಕಾವಲುಗಾರನ ಬಾಯಿ ಕಟ್ಟಿ, ಕ್ಲಚ್ಚನ್ನು ಹಿಡಿಸುವ ವಿದ್ಯೆ ಇದು. ‘ಟಕ್’ ಎನ್ನುತ್ತದೆ, ಒಡೆಯ ಸಂತೋಷದಿಂದ ದುಡ್ಡು ಕೊಟ್ಟು ಹೋಗುತ್ತಾನೆ. ಕೆಲವು ದಿನಗಳಲ್ಲಿ ಕಂಪ್ರೆಸರ್ ನಿಜವಾಗಿಯೂ ‘ಹೋಗುತ್ತದೆ’. ಇನ್ನೂರು ರೂಪಾಯಿಯ ರಬ್ಬರ್ ಉಂಗುರದಲ್ಲಿ ಮುಗಿಯಬಹುದಾಗಿದ್ದ ಸೋರಿಕೆ ಹೀಗೆ ಹಲವು ಸಾವಿರಗಳನ್ನು ನುಂಗುತ್ತದೆ. ಹೊಸ ಕಾರುಗಳಲ್ಲಿ ಸ್ವಿಚ್ಚಿನ ಬದಲು ಒತ್ತಡವನ್ನು ಅಳೆದು ಗಣಕಕ್ಕೆ ವರದಿ ಮಾಡುವ ಮೂರು ತಂತಿಗಳ ಸಾಧನವಿರುತ್ತದೆ. ಅದರ ತಂತಿಗಳನ್ನು ಹೊಸೆದರಂತೂ ಗಣಕಕ್ಕೇ ಅಪಾಯ.

ಒತ್ತಡ ನೋಡುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಆರ್-134ಎ ಎಂಬ ಅನಿಲ ತುಂಬಿದ ಕಾರನ್ನು ಆರಿಸಿಟ್ಟು, 30 ಡಿಗ್ರಿಯ ಹವೆಯಲ್ಲಿ ಗೇಜು ಹಿಡಿದರೆ ಮುಳ್ಳು 7 ಕಿಲೋಗ್ರಾಮಿನ ಹತ್ತಿರ ನಿಲ್ಲಬೇಕು. ಒಂದೂವರೆಗೆ ನಿಂತರೆ ಅನಿಲ ಖಾಲಿಯಾಗಿದೆ ಎನ್ನಲು ಅಡ್ಡಿಯಿಲ್ಲ. ಆದರೆ 7ಕ್ಕೆ ನಿಂತ ಮಾತ್ರಕ್ಕೆ ಭರ್ತಿಯಾಗಿದೆ ಎನ್ನಲಾಗದು. ಒಳಗೆ ದ್ರವರೂಪದಲ್ಲಿ ಒಂದಿಷ್ಟು ಉಳಿದಿರುವ ತನಕ ಒತ್ತಡವು ಶಾಖವನ್ನು ಅನುಸರಿಸುತ್ತದೆಯೇ ಹೊರತು ಪ್ರಮಾಣವನ್ನಲ್ಲ. ಆದ್ದರಿಂದ ಬಲ್ಲವರು ಇದ್ದ ಅನಿಲವನ್ನು ಯಂತ್ರದಿಂದ ಹೀರಿ ತೆಗೆದು, ಸೋರಿಕೆಯನ್ನು ಹುಡುಕಿ ಮುಚ್ಚಿ, ಕಂಪನಿ ಹೇಳಿದಷ್ಟನ್ನೇ ತೂಗಿ ತುಂಬುತ್ತಾರೆ. ಪ್ರತಿ ಬೇಸಗೆಗೂ ‘ಗ್ಯಾಸ್ ಹಾಕಿಸುವ’ ಪದ್ಧತಿ ತಳವಿಲ್ಲದ ಕೊಡಕ್ಕೆ ನೀರು ಹೊತ್ತಂತೆ. ಮೊದಲಿನ ಕಾರುಗಳ ಆರ್-12 ಅನಿಲ ಓಜೋನ್ ಪದರವನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಕೈಬಿಡಲಾಯಿತು. ಅದರ ಸ್ಥಾನಕ್ಕೆ ಬಂದ ಆರ್-134ಎ ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲಶಾಲಿ. ಅದನ್ನು ‘ಫುಸ್’ ಎಂದು ಗಾಳಿಗೆ ಬಿಡುವುದು ಸಣ್ಣ ತಪ್ಪೇನಲ್ಲ. ಬೆರಳಿಗೆ ತಗುಲಿದರೆ ಚರ್ಮ ಹೆಪ್ಪುಗಟ್ಟುತ್ತದೆ ಎಂಬುದು ಬೇರೆ.

ಒತ್ತಡ ಮೇರೆ ಮೀರಿ ಕ್ಲಚ್ಚು ಬಿಡುವ ರೋಗಕ್ಕೆ ಬೇರೆಯೇ ಲಕ್ಷಣ. ಹೆದ್ದಾರಿಯಲ್ಲಿ ತಂಪು ಉಂಟು, ಊರೊಳಗೆ ವಾಹನಗಳ ನಡುವೆ ಸಿಕ್ಕಿಕೊಂಡಾಗ ಇಲ್ಲ. ಹೀಗಾದರೆ ಕಂಡೆನ್ಸರಿನ ಫ್ಯಾನು ನಿಂತಿದೆಯೆಂದು ಬಗೆಯಬೇಕು. ಓಡುವ ಕಾರಿಗೆ ಗಾಳಿ ತಾನಾಗಿ ಎದುರು ಬರುತ್ತದೆ. ನಿಂತ ಕಾರಿಗೆ ಫ್ಯಾನೇ ಗತಿ.

ಸೇಡಮಿನ ದಾರಿಯ ಕಾರಿನದು ಈ ರೋಗವಲ್ಲ. ಅದು ಓಡುವಾಗಲೇ ಬಿಟ್ಟಿತು. ಅನಿಲ ಸೋರಿದ್ದೆನ್ನಲು ಮುಂಜಾನೆಯ ತಂಪು ಎಲ್ಲಿಂದ ಬರಬೇಕು? ಅಂದು ಸಂಜೆ ಚಾಲಕ ಬೇರೊಬ್ಬ ಹಿರಿಯ ಮೆಕ್ಯಾನಿಕ್ಕಿನ ಬಳಿಗೆ ಕಾರನ್ನು ಒಯ್ದ. ಆತ ಸ್ಪ್ಯಾನರು ಹಿಡಿಯುವ ಮೊದಲು ಪ್ರಶ್ನೆ ಕೇಳಿದ: ಎಷ್ಟು ಹೊತ್ತಿಗೆ ಬಿಡುತ್ತದೆ, ಆಗ ಫ್ಯಾನು ತಿರುಗುತ್ತಿರುತ್ತದೆಯೆ, ತಣ್ಣಗಾದ ಮೇಲೆ ತಾನಾಗಿ ಹಿಡಿಯುತ್ತದೆಯೆ? ಬಳಿಕ ಫ್ಯೂಸು ನೋಡಿದ, ಸರಿಯಿತ್ತು. ಎ.ಸಿ. ರಿಲೇಯನ್ನು ಕಿತ್ತು, ಅದೇ ಜಾತಿಯ ಹಾರನ್ನಿನ ರಿಲೇಯನ್ನು ಅಲ್ಲಿ ಕೂಡಿಸಿದ, ಭೇದ ಕಾಣಲಿಲ್ಲ. ಚಿಕ್ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ಎಷ್ಟು ಮಂದಿ ಮಾಡುತ್ತಾರೋ! ಕಾರು ಕಾದು ಕ್ಲಚ್ಚು ಬಿಟ್ಟ ಗಳಿಗೆಯಲ್ಲೇ ಸುರುಳಿಯ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿದ. ದೀಪ ಹತ್ತಿತು.

ಅಲ್ಲಿಗೆ ಅರ್ಧ ಸಮಸ್ಯೆ ಬಿಡಿಸಿದಂತೆ. ವಿದ್ಯುತ್ತು ಸುರುಳಿಯ ಬಾಗಿಲಿಗೆ ಬಂದಿದೆ. ಅಂದರೆ ಎಲ್ಲ ಅಧಿಕಾರಿಗಳ ಒಪ್ಪಿಗೆಯೂ ಬಿದ್ದಿದೆ. ಆದರೂ ತಟ್ಟೆ ಅಂಟುತ್ತಿಲ್ಲ. ದೀಪ ಹತ್ತದೆ ಇದ್ದಿದ್ದರೆ ದೋಷ ಹಿಂದೆ, ರಿಲೇ, ಒತ್ತಡ, ಗಣಕಗಳ ಕಡೆ. ಹತ್ತಿದರೆ ಇಲ್ಲೇ, ಕ್ಲಚ್ಚಿನಲ್ಲಿ ಅಥವಾ ಅದರ ಅರ್ತಿಂಗಿನಲ್ಲಿ. ಎಂಜಿನ್ ಆರಿಸಿ ಮುಂದಿನ ತಟ್ಟೆಯನ್ನು ಕೈಯಿಂದ ತಿರುಗಿಸಿದ. ತುಸು ಬಿಗಿಯಾಗಿ, ಆದರೆ ಸಲೀಸಾಗಿ ಸುತ್ತಿತು. ಕಂಪ್ರೆಸರ್ ಒಳಗೆ ಹಿಡಿದುಕೊಂಡಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ‘ಹೋಗ್ಯದ’ ಎಂದವರು ಇದೊಂದನ್ನು ಮಾಡಿ ನೋಡಿರಲಿಲ್ಲ.

ಉಳಿದದ್ದು ಸುರುಳಿ ಮತ್ತು ಅಂತರ. ತಣ್ಣಗಿರುವಾಗ ಇಂಥ ಸುರುಳಿಯ ರೋಧ ಸಾಮಾನ್ಯವಾಗಿ 3ರಿಂದ 5 ಓಮ್. ಮಲ್ಟಿಮೀಟರು ಏನನ್ನೂ ತೋರಿಸದಿದ್ದರೆ ತಂತಿ ತುಂಡಾಗಿದೆ ಎಂದರ್ಥ. ಇಲ್ಲಿ ಅದು 3.6 ಓಮ್ ತೋರಿಸಿತು. ಆದರೆ ತಾಮ್ರಕ್ಕೆ ಒಂದು ಗುಣವಿದೆ: 10 ಡಿಗ್ರಿ ಶಾಖ ಏರಿದರೆ ಅದರ ರೋಧ ನೂರಕ್ಕೆ ಸುಮಾರು 4ರಷ್ಟು ಏರುತ್ತದೆ. 25 ಡಿಗ್ರಿಯಲ್ಲಿ 3.6 ಓಮ್ ಇದ್ದ ಸುರುಳಿ, ಎಂಜಿನ್ನಿನ ಮಗ್ಗುಲಲ್ಲಿ 105 ಡಿಗ್ರಿಗೆ ಕಾದಾಗ 4.7 ಓಮ್ ಆಗುತ್ತದೆ. 12 ವೋಲ್ಟಿಗೆ 3.3 ಆಂಪಿಯರ್ ಹರಿಯುತ್ತಿದ್ದ ವಿದ್ಯುತ್ತು 2.5ಕ್ಕೆ ಇಳಿಯುತ್ತದೆ. ಅಯಸ್ಕಾಂತದ ಸೆಳೆತವಂತೂ ಅದಕ್ಕಿಂತ ಬೇಗ ಕುಗ್ಗುತ್ತದೆ. ಹೊಸ ಕ್ಲಚ್ಚಿನಲ್ಲಿ ತಟ್ಟೆಗೂ ಪುಲ್ಲಿಗೂ ನಡುವಿನ ಅಂತರ ಅರ್ಧ ಮಿಲಿಮೀಟರಿನ ಆಚೀಚೆ. ಕುಗ್ಗಿದ ಸೆಳೆತಕ್ಕೂ ಅಷ್ಟು ದೂರ ನಿಲುಕುತ್ತದೆ. ವರ್ಷಗಟ್ಟಲೆ ಅಪ್ಪಳಿಸಿ ಅಪ್ಪಳಿಸಿ ಉಕ್ಕಿನ ಮೈ ಸವೆದು ಅಂತರ ಹಿಗ್ಗಿದಾಗ, ಮುಂಜಾನೆಯ ಬಲಕ್ಕೆ ನಿಲುಕುವ ತಟ್ಟೆ ಮಧ್ಯಾಹ್ನದ ಬಲಕ್ಕೆ ನಿಲುಕುವುದಿಲ್ಲ. ಬಿಸಿಲು ಹೆಚ್ಚಿದಷ್ಟೂ ತಂಪು ಕೈಕೊಡುವ ಈ ವಿಪರೀತಕ್ಕೆ ಕಾರಣ ಇಷ್ಟೇ.

ಮೆಕ್ಯಾನಿಕ್ ಎಂಜಿನ್ ಆರಿಸಿಯೇ ಬ್ಯಾಟರಿಯಿಂದ ಫ್ಯೂಸು ಹಾಕಿದ ತಂತಿಯಲ್ಲಿ ಸುರುಳಿಗೆ ವಿದ್ಯುತ್ತು ಕೊಟ್ಟ. ತಟ್ಟೆ ಅಲುಗಲಿಲ್ಲ. ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿದ. ‘ಟಕ್’ ಎಂದು ಅಂಟಿ ಹಾಗೆಯೇ ನಿಂತಿತು. ಇದೇ ಒತ್ತುವ ಪರೀಕ್ಷೆಯನ್ನು ಎಂಜಿನ್ ಓಡುವಾಗ ಮಾಡುವ ಸಾಹಸಿಗಳಿದ್ದಾರೆ. ಬೆರಳನ್ನೋ ತೋಳಿನ ಬಟ್ಟೆಯನ್ನೋ ಬೆಲ್ಟಿಗೆ ಕೊಟ್ಟವರೂ ಇದ್ದಾರೆ. ಫೀಲರ್ ಗೇಜಿನ ಎಲೆಗಳನ್ನು ತೂರಿಸಿ ನೋಡಿದರೆ ಅಂತರ ಒಂದು ಮಿಲಿಮೀಟರಿಗೆ ಹತ್ತಿರವಾಗಿತ್ತು. ನಡುವಿನ ಬೋಲ್ಟು ಬಿಚ್ಚಿ, ತಟ್ಟೆ ತೆಗೆದು, ಅಚ್ಚಿನ ಮೇಲೆ ಕುಳಿತಿದ್ದ ಕಾಗದದಷ್ಟು ತೆಳುವಾದ ಎರಡು ವಾಷರುಗಳಲ್ಲಿ ದಪ್ಪನೆಯದನ್ನು ಹೊರಕ್ಕೆ ತೆಗೆದ. ಮತ್ತೆ ಕೂಡಿಸಿ, ನಾಲ್ಕು ಕಡೆಯೂ ಅಳೆದು, ಎಲ್ಲಿಯೂ ಉಜ್ಜುತ್ತಿಲ್ಲವೆಂದು ತಿರುಗಿಸಿ ನೋಡಿದ. ಹೊಸದಾಗಿ ಹಾಕಿದ್ದು ಏನೂ ಇಲ್ಲ. ತೆಗೆದದ್ದೇ ಒಂದು ವಾಷರು.

ಎಲ್ಲ ಕಾರಿಗೂ ಈ ಮದ್ದು ನಡೆಯುವುದಿಲ್ಲ. ವಾಷರು ಉಳಿಯದಷ್ಟು ಸವೆದಿದ್ದರೆ, ಪುಲ್ಲಿಯ ಬೇರಿಂಗು ಗೊರಗುಟ್ಟುತ್ತಿದ್ದರೆ ಕ್ಲಚ್ಚನ್ನೇ ಬದಲಿಸಬೇಕು. ಆಗಲೂ ಇಡೀ ಕಂಪ್ರೆಸರನ್ನಲ್ಲ, ಬಿಡಿಭಾಗ ದೊರೆಯುವಲ್ಲಿ ಕ್ಲಚ್ಚೊಂದನ್ನೇ. ಈಚಿನ ಕೆಲವು ಕಾರುಗಳಲ್ಲಿ ತನ್ನ ಹೊಡೆತವನ್ನು ತಾನೇ ಹಿಗ್ಗಿಸಿ ಕುಗ್ಗಿಸಿಕೊಳ್ಳುವ ಕಂಪ್ರೆಸರು ಬಂದಿದೆ. ಅಂಥವುಗಳಲ್ಲಿ ಕ್ಲಚ್ಚೇ ಇಲ್ಲದಿರಬಹುದು, ‘ಟಕ್’ ಎಂದು ಕಾಯುತ್ತ ಕೂರುವುದು ವ್ಯರ್ಥ. ವಿದ್ಯುತ್ ಕಾರುಗಳ ಕಂಪ್ರೆಸರಿಗಂತೂ ಬೆಲ್ಟೂ ಇಲ್ಲ. ಅಲ್ಲಿ ಕಿತ್ತಳೆ ಬಣ್ಣದ ಕೇಬಲಿನಲ್ಲಿ ಹರಿಯುವುದು ಪ್ರಾಣಕ್ಕೆ ಮುಳುವಾಗುವ ವೋಲ್ಟು. ಕಲಿತವರ ಹೊರತು ಯಾರೂ ಅದನ್ನು ಮುಟ್ಟಬಾರದು.

ಮರುದಿನ ವೃದ್ಧೆ ಕಣ್ಣಿನ ಕಟ್ಟು ಬಿಚ್ಚಿಸಿಕೊಳ್ಳಲು ಬರಬೇಕಾಗಿತ್ತು. ಅದೇ ಕಾರು, ಅದೇ ಬಿಸಿಲು. ವೈದ್ಯರು ಕಣ್ಣು ಪರೀಕ್ಷಿಸಿ ಕಳುಹಿಸುವಾಗ ಗಂಟೆ ಒಂದಾಗಿತ್ತು. ಚಾಲಕನ ಒಂದು ಕಿವಿ ಬಾನೆಟ್ಟಿನ ಕಡೆಗೇ ಇತ್ತು. ಊರು ದಾಟಿತು; ನಿನ್ನೆ ಕೈಕೊಟ್ಟ ಜಾಗವೂ ದಾಟಿತು. ಕಪ್ಪು ಕನ್ನಡಕ ಹಾಕಿಕೊಂಡ ಮುದುಕಿ ಸೆರಗನ್ನು ಹೆಗಲ ಮೇಲೆ ಹೊದ್ದುಕೊಂಡಳು.

“ತಮ್ಮಾ, ಥಂಡಿ ಭಾಳ ಆತು. ಜರಾ ಬಂದ್ ಮಾಡೋ.”

ಆತ ಕೈಚಾಚಿ ಗುಂಡಿ ಒತ್ತಿದ.