ಉಕ್ಕಿನೊಳಗೆ ನುಸುಳುವ ಜಲಜನಕ

ತುಕ್ಕು ಹಿಡಿದ ಕೊಳವೆ ತನ್ನ ರೋಗವನ್ನು ತಾನೇ ಸಾರುತ್ತದೆ. ಜಲಜನಕದಿಂದ ಕೆಡುವ ಉಕ್ಕಾದರೋ ಒಡೆಯುವ ದಿನದವರೆಗೂ ಹೊರನೋಟಕ್ಕೆ ಸ್ವಸ್ಥವಾಗಿಯೇ ಕಾಣಬಹುದು.

ಅಮೆರಿಕದ ಟೆಕ್ಸಸ್ ಸಿಟಿ ಎಂಬ ಊರಿನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ 2005ನೆಯ ಇಸವಿ ಜುಲೈ 28ರಂದು ಇಂತಹುದೊಂದು ಕೊಳವೆ ಒಡೆಯಿತು. ಹೊರನುಗ್ಗಿದ ಜಲಜನಕ ಒಡನೆಯೇ ಹೊತ್ತಿಕೊಂಡಿತು. ಪ್ರಾಣಹಾನಿಯಾಗಲಿಲ್ಲವೆಂಬುದು ಭಾಗ್ಯ, ನಷ್ಟ ಮಾತ್ರ ಸುಮಾರು 3 ಕೋಟಿ ಡಾಲರು.

ಕಾರಣವೇನು? ಅಲ್ಲಿ 8 ಅಂಗುಲ ವ್ಯಾಸದ ಮೂರು ಬಾಗುಕೊಳವೆಗಳಿದ್ದವು. ನಲ್ಲಿ ಕೆಲಸದವರು ಇಂತಹವನ್ನು ‘ಎಲ್ಬೋ’ ಎನ್ನುವರು. ಆಕಾರದಲ್ಲಿ ಮೂರೂ ಒಂದೇ. ಆದರೆ ಎರಡು ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿನವು. ಮೂರನೆಯದು ಸಾಧಾರಣ ಇಂಗಾಲದ ಉಕ್ಕು, ಕಡಮೆ ಬಿಸಿಯ ಸ್ಥಳಕ್ಕೆ ತಕ್ಕುದು. ದುರಸ್ತಿಗೆಂದು ಬಿಚ್ಚಿ ಮರಳಿ ಜೋಡಿಸುವಾಗ ಅವು ಅದಲುಬದಲಾದವು. ಬರಿಗಣ್ಣಿನಿಂದ ನೋಡಿ ಉಕ್ಕಿನ ಜಾತಿಯನ್ನು ಹೇಳಬಲ್ಲವರು ಯಾರು? ಸಾಧಾರಣ ತುಂಡು ಅತ್ಯುಷ್ಣ ಜಲಜನಕದ ದಾರಿಯಲ್ಲಿ ಕೆಲವೇ ತಿಂಗಳು ಬಾಳಿತು.

ಹೆಚ್ಚಿನ ಉಷ್ಣತೆ ಹಾಗೂ ಒತ್ತಡದಲ್ಲಿ ಜಲಜನಕದ ಅಣುಗಳು ಒಡೆದು ಪರಮಾಣುಗಳಾಗುತ್ತವೆ. ಬಹು ಕಿರಿದಾದ ಈ ಪರಮಾಣುಗಳು ಉಕ್ಕಿನೊಳಗೆ ನುಸುಳಿ, ಅಲ್ಲಿಯ ಇಂಗಾಲದೊಡನೆ ಕೂಡಿ ಮೀಥೇನ್ ಅನಿಲವಾಗುತ್ತವೆ. ಬಂದ ದಾರಿಯಲ್ಲಿ ಹಿಂದಿರುಗಲು ಮೀಥೇನಿನ ಅಣು ಬಲು ದೊಡ್ಡದು! ಅದು ಲೋಹದ ಹರಳುಗಳ ಸಂದಿನಲ್ಲಿ ಸಿಕ್ಕಿ ಒತ್ತುತ್ತದೆ. ಸಣ್ಣ ಬಿರುಕುಗಳು ಸೇರಿ ದೊಡ್ಡವಾಗುತ್ತವೆ. ಇಂಗಾಲವನ್ನು ಕಳೆದುಕೊಂಡ ಉಕ್ಕು ಬಲವನ್ನೂ ಕಳೆದುಕೊಳ್ಳುತ್ತದೆ. ಕ್ರೋಮಿಯಂ, ಮಾಲಿಬ್ಡಿನಂಗಳು ಇಂಗಾಲವನ್ನು ಬಿಗಿಹಿಡಿಯುವುದರಿಂದ ಅದು ಜಲಜನಕಕ್ಕೆ ಸುಲಭವಾಗಿ ದಕ್ಕುವುದಿಲ್ಲ.

ಕ್ಷ-ಕಿರಣವನ್ನು ಹಾಯಿಸಿ ಲೋಹದಲ್ಲಿ ಕ್ರೋಮಿಯಂ ಇದೆಯೇ ಎಂಬುದನ್ನು ಕೊಳವೆಯ ಬಳಿಯಲ್ಲಿಯೇ ತಿಳಿಸುವ ಕೈ ಉಪಕರಣ ಆಗಲೇ ಬಳಕೆಯಲ್ಲಿದ್ದಿತು. ಮರುಜೋಡಣೆಯಲ್ಲಿ ಆ ಪರೀಕ್ಷೆಯನ್ನು ನಡೆಸಿರಲಿಲ್ಲ.