ಬೆರಳಿಗೆ ಗೊತ್ತಾದರೆ ಸಾಕು

ದೋಹಾದಲ್ಲಿ ಡಿಸೆಂಬರ್ ಬಂತೆಂದರೆ ಎ.ಸಿ. ಆರಿಸಿ ಮಲಗಬಹುದಾದ ರಾತ್ರಿಗಳು ಶುರು. ಏಪ್ರಿಲಿನಿಂದ ಒಂದೇ ಸಮನೆ ಗುಂಯ್‌ಗುಡುತ್ತಿದ್ದ ಯಂತ್ರ ಬಾಯಿ ಮುಚ್ಚಿದ ಮೇಲೆ ಮನೆಯೊಳಗಿನ ಸಣ್ಣಪುಟ್ಟ ಸದ್ದುಗಳು ಒಂದೊಂದಾಗಿ ಹೊರಗೆ ಬರುತ್ತವೆ. ಫ್ರಿಜ್ಜಿನ ಗೊರಗೊರ, ಮೇಲಿನ ಮನೆಯ ನಲ್ಲಿ, ಆಮೇಲೆ ನನ್ನ ಕೀಬೋರ್ಡ್. ನಜ್ಮಾದ ನಮ್ಮ ಫ್ಲ್ಯಾಟಿನಲ್ಲಿ ಹಾಲಿಗೆ ಜಿಪ್ಸಮ್ ಬೋರ್ಡ್ ಅಡ್ಡ ಹಾಕಿ ಎರಡು ಕೋಣೆ ಮಾಡಿದ್ದಾರೆ. ಆಚೆ ಬದಿ ಪುತ್ತೂರಿನ ಹುಡುಗ. ಬೆಳಗಿನ ಜಾವ ಮೂರಕ್ಕೆದ್ದು ಶಿಫ್ಟಿಗೆ ಹೋಗುವವನು. ಅವನು ಒಂದು ಬೆಳಿಗ್ಗೆ ಕೇಳಿದ: "ಎಂತ ಮಾರಾಯ್ರೆ, ರಾತ್ರಿಯಿಡೀ ಕಡ್ಲೆ ಹುರಿಯುದಾ?"

ಕಡಲೆ ಹುರಿದದ್ದಲ್ಲ, ಕನ್ನಡ ಬರೆದದ್ದು. ಹಗಲಿಗೆ ಲೆಕ್ಕಪತ್ರದ ಕೆಲಸ, ರಾತ್ರಿ ಹತ್ತರ ಮೇಲೆ ನನ್ನ ಬರವಣಿಗೆ. ಅದೇ ಕೀಬೋರ್ಡು ಜೂನಿನಲ್ಲೂ ಇತ್ತು, ಅದೇ ಹುಡುಗ ಅದೇ ಗೋಡೆಯಾಚೆ ಮಲಗಿದ್ದ. ಆಗ ಕೇಳಿಸದ್ದು ಈಗೇಕೆ ಕೇಳಿಸಿತು? ಒಂದು ಸದ್ದು ಇನ್ನೊಂದನ್ನು ಮುಚ್ಚಿಹಾಕುವುದು ಕಿವಿಯ ಒಳಗಿನ ವ್ಯವಹಾರ. ಒಳಕಿವಿಯ ಶಂಖದಲ್ಲಿ ಒಂದೊಂದು ಶ್ರುತಿಗೆ ಒಂದೊಂದು ಜಾಗ. ಎ.ಸಿ.ಯ ಕಂಪ್ರೆಸರ್ ತಗ್ಗಿನ ಜಾಗವನ್ನೂ ಗಾಳಿಯ ಸುಯ್ಯೆನ್ನುವಿಕೆ ಉಳಿದ ಅಗಲವನ್ನೂ ಹಿಡಿದು ಕೂತಿರುತ್ತವೆ. ಸಣ್ಣ ಟಕಟಕಕ್ಕೆ ಅಲ್ಲಿ ಜಾಗವೇ ಇಲ್ಲ. ಎ.ಸಿ. ಎದ್ದು ಹೋದದ್ದೇ ತಡ, ಖಾಲಿ ಬಿದ್ದ ಕುರ್ಚಿಗೆ ನನ್ನ ಕೀಬೋರ್ಡು ಬಂದು ಕೂತಿತು.

ಕಡಲೆ ಎಂದ ಅವನ ಹೋಲಿಕೆ ಕರಾರುವಾಕ್ಕಾಗಿತ್ತು. ಕೀ ಒತ್ತಿದಾಗಿನ ಸದ್ದು ಒಂದಲ್ಲ, ಎರಡು. ಮೆಕ್ಯಾನಿಕಲ್ ಕೀಬೋರ್ಡಿನ ಪ್ರತಿ ಕೀಲಿಯ ಕೆಳಗೂ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಮೇಲೆ ಕೆಳಗೆ ಸರಿಯುವ ಕಾಂಡ, ಒಂದು ಸ್ಪ್ರಿಂಗ್, ಒಂದು ತೆಳ್ಳನೆಯ ಲೋಹದ ಎಲೆ. ಒತ್ತಿದರೆ ಕಾಂಡ ಡಬ್ಬಿಯ ತಳಕ್ಕೆ ಹೋಗಿ ಬಡಿಯುತ್ತದೆ. ಬಿಟ್ಟರೆ ಸ್ಪ್ರಿಂಗ್ ಅದನ್ನು ಮೇಲಕ್ಕೆಸೆದು ಮುಚ್ಚಳಕ್ಕೆ ಬಡಿಸುತ್ತದೆ. ಹೀಗೆ ಹೋಗುವಾಗೊಂದು, ಬರುವಾಗೊಂದು. ಈ ಪ್ಲಾಸ್ಟಿಕ್ಕಿನ ಬಡಿತದಲ್ಲಿ ಕೆಲವು ಸಾವಿರ ಹರ್ಟ್ಸ್‌ನ ಚೂಪು ಸದ್ದು ಧಾರಾಳ. ನಮ್ಮ ಕಿವಿಯೋ 2,000ದಿಂದ 5,000 ಹರ್ಟ್ಸ್‌ವರೆಗಿನ ಸದ್ದಿಗೇ ಅತಿ ಸೂಕ್ಷ್ಮ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ನಾನೇ ದುಡ್ಡು ಕೊಟ್ಟಿದ್ದೆ. ಸ್ವಿಚ್ಚುಗಳನ್ನು ಬಣ್ಣದಿಂದ ಕರೆಯುವುದು ರೂಢಿ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚಿನಿಂದ ಬಂದ ಪದ್ಧತಿ ಅದು. ನೀಲಿ ಎಂದರೆ ಟಿಕ್ ಎನ್ನುವುದು, ಕೆಂಪು ಎಂದರೆ ನುಣ್ಣಗೆ ಇಳಿಯುವುದು, ಕಂದು ಎಂದರೆ ಸದ್ದಿಲ್ಲದೆ ಬೆರಳಿಗೆ ಸಣ್ಣ ಉಬ್ಬು ತಾಗಿಸುವುದು. "ಆಫೀಸಿಗೆ ಕಂದು ತಗೊಳ್ಳಿ, ಸೈಲೆಂಟು" ಎಂದು ಅಂಗಡಿಯವರು ಹೇಳುವುದು ಅರ್ಧ ಸತ್ಯ. ಕಂದಿನಲ್ಲಿ ಟಿಕ್ ಎನ್ನುವ ಭಾಗವಿಲ್ಲ, ನಿಜ. ತಳಕ್ಕೂ ಮುಚ್ಚಳಕ್ಕೂ ಬಡಿಯುವುದನ್ನು ಯಾರು ನಿಲ್ಲಿಸಿದರು? ನನ್ನ ಕಡಲೆ ಹುರಿದದ್ದು ಅದೇ ಕಂದು. ಎಂಎಕ್ಸ್‌ನ ಪೇಟೆಂಟ್ 2014ರ ಸುಮಾರಿಗೆ ಮುಗಿದ ಮೇಲೆ ಚೀನಾದ ಗ್ಯಾಟರಾನ್, ಕೈಲ್, ಔಟೆಮುವಿನಂಥ ಕಂಪನಿಗಳು ನೂರಾರು ಬಗೆ ತಂದಿವೆ; ಈಗ ಬಣ್ಣ ನೋಡಿ ಕೊಳ್ಳುವುದು ಡಬ್ಬದ ಮುಚ್ಚಳ ನೋಡಿ ಸಾಂಬಾರು ಪುಡಿ ಕೊಂಡಂತೆ.

ನಿಜವಾಗಿ ಸದ್ದು ತಗ್ಗಿಸಿದ ಸ್ವಿಚ್ಚನ್ನು ಬಿಚ್ಚಿ ನೋಡಿದರೆ ಕಾಂಡದ ಎರಡೂ ಬದಿಯಲ್ಲಿ, ಮೇಲೂ ಕೆಳಗೂ, ಅಕ್ಕಿಕಾಳಿಗಿಂತ ಚಿಕ್ಕ ರಬ್ಬರಿನ ಮೆತ್ತೆ ಕಾಣುತ್ತದೆ. ಇಷ್ಟೇ ಗುಟ್ಟು. ತೆಂಗಿನಕಾಯಿ ಹಾಸುಗಲ್ಲಿನ ಮೇಲೆ ಬಿದ್ದರೂ ಹುಲ್ಲಿನ ರಾಶಿಯ ಮೇಲೆ ಬಿದ್ದರೂ ಅದರ ವೇಗ ಒಂದೇ, ನಿಲ್ಲಲು ಸಿಗುವ ದೂರ ಬೇರೆ. ನಿಲ್ಲುವ ದೂರ ಹತ್ತು ಪಟ್ಟಾದರೆ ಹೊಡೆತದ ಸರಾಸರಿ ಬಲ ಹತ್ತನೇ ಒಂದಕ್ಕಿಳಿಯುತ್ತದೆ. ಹೊಡೆತ ಹೆಚ್ಚು ಹೊತ್ತು ಹರಡಿಕೊಳ್ಳುವುದರಿಂದ ಸದ್ದಿನ ಶ್ರುತಿಯೂ ತಗ್ಗುತ್ತದೆ. ಟಕ್ ಹೋಗಿ ತುಪ್ ಆಗುತ್ತದೆ. ಚೆರ್ರಿಯ ಮಾಮೂಲಿ ಕೆಂಪು ಸ್ವಿಚ್ 4 ಮಿಲಿಮೀಟರ್ ಇಳಿದರೆ ಅದರ ಸೈಲೆಂಟ್ ತಮ್ಮ 3.7ಕ್ಕೇ ನಿಲ್ಲುತ್ತದೆ. ಉಳಿದ ಜಾಗ ಮೆತ್ತೆಯದು.

ಹಾಗಾದರೆ ಮೆತ್ತೆಯಿರುವ ಕೆಂಪನ್ನೇ ಕೊಂಡರಾಗದೆ, ಉಬ್ಬು ಯಾಕೆ ಬೇಕು? ನನ್ನ ಕೇಳಿದರೆ ಮುಖ್ಯ ಸಂಗತಿ ಇರುವುದೇ ಇಲ್ಲಿ. ಆಫೀಸಿನ ಅಗ್ಗದ ರಬ್ಬರ್ ಕೀಬೋರ್ಡಿನಲ್ಲಿ ಕೀಲಿಯನ್ನು ತಳ ಮುಟ್ಟಿಸಿದರೇನೇ ಅಕ್ಷರ ಬೀಳುವುದು. ಮೆಕ್ಯಾನಿಕಲ್‌ನಲ್ಲಿ ಹಾಗಲ್ಲ, ಅರ್ಧ ದಾರಿಯಲ್ಲಿ, ಸುಮಾರು 2 ಮಿಲಿಮೀಟರಿನಲ್ಲಿ ಎಲೆ ಮುಟ್ಟಿಕೊಂಡು ಅಕ್ಷರ ಬಿದ್ದಾಯಿತು. ಮುಂದಿನ 2 ಮಿಲಿಮೀಟರ್ ಸುಮ್ಮನೆ ಗುದ್ದಾಟ. ಆದರೆ ಅಕ್ಷರ ಬಿತ್ತೆಂದು ಬೆರಳಿಗೆ ತಿಳಿಸುವವರಾರು? ಯಾರೂ ತಿಳಿಸದಿದ್ದರೆ ಬೆರಳು ಅನುಮಾನದಿಂದ ತಳದವರೆಗೂ ಕುಟ್ಟುತ್ತದೆ. ಟೈಪಿಸುವವರ ಬೆರಳಿನ ಬಲ ಅಳೆದು ನೋಡಿದವರು ಕಂಡದ್ದೂ ಅದನ್ನೇ: ಬೇಕಾದ್ದರ ಎರಡು ಮೂರು ಪಟ್ಟು ಬಲ ಹಾಕುತ್ತೇವೆ.

ಕಾಂಡದ ಕಾಲಿನಲ್ಲಿರುವ ಉಬ್ಬು ಲೋಹದ ಎಲೆಯನ್ನು ದಾಟುವಾಗ ಬೆರಳಿನಡಿಯ ತಡೆ ಏರಿ ಥಟ್ಟನೆ ಇಳಿಯುತ್ತದೆ. ಬೆರಳ ತುದಿಯ ಚರ್ಮದೊಳಗೆ ಇಂಥ ಸುದ್ದಿಗೇ ಕಾದು ಕೂತ ನರದ ತುದಿಗಳಿವೆ. ಪಸಿನಿಯನ್ ಕಾಯಗಳು ಎಂಬವು ಸೆಕೆಂಡಿಗೆ ಸುಮಾರು 250 ಸಲದ ಕಂಪನವನ್ನು, ಅದು ಕೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣದಿದ್ದರೂ, ಹಿಡಿಯಬಲ್ಲವು. ನೀಲಿ ಸ್ವಿಚ್ ಕಿವಿಗೆ ಕೂಗಿ ಹೇಳುವುದನ್ನು ಉಬ್ಬು ಬೆರಳಿಗೆ ಪಿಸುಗುಡುತ್ತದೆ. ಸುದ್ದಿ ಸಿಕ್ಕ ಬೆರಳು, ಸ್ವಲ್ಪ ಅಭ್ಯಾಸವಾದ ಮೇಲೆ, ತಳಕ್ಕೆ ಹೋಗುವ ಮೊದಲೇ ಹಗುರಾಗುತ್ತದೆ. ಗೋಡೆಯಾಚೆ ಮಲಗಿದವನಿಗೆ ಅದರ ಗೊಡವೆಯಿಲ್ಲ.

ಕನ್ನಡ ಬರೆಯುವವರಿಗೆ ಇದರಲ್ಲಿ ಇನ್ನೊಂದು ಎಳೆಯಿದೆ. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ, 'ನುಡಿ' ತಂತ್ರಾಂಶದಲ್ಲಿ ನಾವೆಲ್ಲ ಬಳಸುವ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ 'ಎಫ್' ಕೀಲಿ ಬೇಕು. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ನಮ್ಮ ಭಾಷೆಯ ಒತ್ತೆಲ್ಲ ಎಡಗೈ ತೋರುಬೆರಳಿನ ಒತ್ತು! ಕತಾರಿನಲ್ಲಿ ಕೊಂಡ ನನ್ನ ಕೀಬೋರ್ಡಿನ ಆ ಕೀಲಿಯ ಮೇಲೆ ಇಂಗ್ಲಿಷಿನ ಎಫ್ ಜೊತೆ ಅರಬ್ಬಿಯ 'ಬಾ' ಇದೆ, ತಲೆಯೊಳಗೆ ಮಾತ್ರ ಅದು ಅರ್ಧಾಕ್ಷರ. ಕಣ್ಣಿನಿಂದ ಉಪಯೋಗವಿಲ್ಲ, ಕೀಲಿಯ ಅಂಚಿನ ಗೀರನ್ನು ಹುಡುಕಿಕೊಂಡು ಬೆರಳೇ ದಾರಿ ಕಾಣಬೇಕು. ಎಫ್ ಬಿತ್ತೋ ಇಲ್ಲವೋ ಗೊತ್ತಾಗದಿದ್ದರೆ 'ಕನ್ನಡ' ಹೋಗಿ 'ಕನನಡ' ಆಗುತ್ತದೆ.

ಎಷ್ಟು ಬಿಗಿಯಾದ ಸ್ವಿಚ್ ಬೇಕೆಂದು ತಿಳಿಯಲು ನಾಣ್ಯ ಸಾಕು. ಊರಿನಿಂದ ಜೇಬಿನಲ್ಲಿ ಬಂದ ಹತ್ತು ರೂಪಾಯಿ ನಾಣ್ಯ ಒಂದಕ್ಕೆ 7.7 ಗ್ರಾಂ. ಕೀಲಿಯ ಮೇಲೆ ಒಂದೊಂದಾಗಿ ಪೇರಿಸುತ್ತ ಹೋದರೆ ನನ್ನ ಕಂದು ಏಳನೆಯದಕ್ಕೆ ಕುಸಿಯಿತು, ಅಂದರೆ 54 ಗ್ರಾಂ ಹತ್ತಿರ. ಚೆರ್ರಿ ಹೇಳುವ 55ಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಕಂದಿನ ಉಬ್ಬು ಎಷ್ಟು ಬಡವೆಂದರೆ ಇದೆ ಎಂದರೆ ಇದೆ. ಸದ್ದಡಗಿಸಿದ ಉಬ್ಬಿನ ಸ್ವಿಚ್ಚುಗಳಲ್ಲಿ ನಾನು ಆರಿಸಿದ್ದು ಬೋಬಾ ಯು4, 62 ಗ್ರಾಮಿನದು. ಉಬ್ಬು ಮೇಲುಗಡೆಯಿಂದಲೇ ಶುರುವಾಗಿ ದುಂಡಗೆ, ಗಟ್ಟಿಯಾಗಿ ಸಿಗುತ್ತದೆ. ಅದರದೇ 68 ಗ್ರಾಮಿನದೂ ಇದೆ. ಕೆನಡಾದ ಜ಼ೀಲ್ ಕಂಪನಿಯ ಜ಼ೈಲೆಂಟ್ ಇನ್ನೊಂದು ಒಳ್ಳೆಯ ಆಯ್ಕೆ, ಜೇಬಿಗೆ ಮಾತ್ರ ಭಾರ. ಕೊಳ್ಳುವಾಗ ಕಣ್ಣಿಟ್ಟು ಓದಿ: ಯು4 ಬೇರೆ, ಯು4ಟಿ ಬೇರೆ. ಬಾಲಕ್ಕೊಂದು 'ಟಿ' ಇರುವುದಕ್ಕೆ ಮೆತ್ತೆಯಿಲ್ಲ, ಅದು ಗಟ್ಟಿಯಾಗಿ ಮಾತಾಡುವ ಜಾತಿ.

ಮೆತ್ತೆಗೆ ಬೆಲೆ ತೆರಲೇಬೇಕು. ತಳದಲ್ಲಿ ಒದ್ದೆ ಮಣ್ಣು ತುಳಿದ ಹಾಗೆ ಅನಿಸುತ್ತದೆ; ಮೊದಲ ವಾರ ನನಗೆ ಹಿಡಿಸಲಿಲ್ಲ. ಹಾಕುವ ಕೆಲಸವೂ ಅಂಗಡಿಯ ವಿಡಿಯೋದಲ್ಲಿ ತೋರಿಸಿದಷ್ಟು ಸಲೀಸಲ್ಲ. ಬೆಸುಗೆಯಿಲ್ಲದೆ ಸ್ವಿಚ್ ಕಿತ್ತು ಹಾಕಬಹುದಾದ ಕೀಬೋರ್ಡು ನನ್ನದು. ಆದರೂ 87ರಲ್ಲಿ ಮೂರರ ತಾಮ್ರದ ಕಾಲು ಸೊಟ್ಟಗಾದವು. ಚಿಮಟಿಗೆಯಲ್ಲಿ ನೇರ ಮಾಡಿ ಮತ್ತೆ ಕೂರಿಸಿದೆ. ಹಳೆಯವನ್ನು ಕಿತ್ತಾಗ ಕೀಬೋರ್ಡಿನೊಳಗಿನ ತಟ್ಟೆಯ ಮೇಲೆ ಕಂಡದ್ದು ಗೋಧಿಹಿಟ್ಟಿನಂಥ ಧೂಳು, ಶಮಾಲ್ ಗಾಳಿ ಕಿಟಕಿಯ ಸಂದಿಯಿಂದ ತಂದು ಸುರಿದದ್ದು. ಸ್ವಿಚ್ಚಿಗೆ ಗ್ರೀಸ್ ಬಳಿದರೆ ನುಣುಪಾಗುತ್ತದೆ ಎನ್ನುವುದು ನಿಜವೇ, ಆದರೆ ಈ ಊರಿನಲ್ಲಿ ಅತಿಯಾಗಿ ಬಳಿದರೆ ಅದೇ ಗ್ರೀಸ್ ಧೂಳು ಹಿಡಿದು ಉಜ್ಜುಕಾಗದವಾಗುತ್ತದೆ. ತೆಳ್ಳಗೆ ಬಳಿಯಿರಿ, ಇಲ್ಲ ಬಿಟ್ಟುಬಿಡಿ.

ಹೊಸ ಸ್ವಿಚ್ ಹಾಕಿದ ಮೊದಲ ರಾತ್ರಿ ನನ್ನ ಕಿವಿಗೆ ಮನೆಯೆಲ್ಲ ಮೌನ. ಬೆಳಿಗ್ಗೆ ಪುತ್ತೂರಿನವನು ಚಹಾ ಸೋಸುತ್ತ ಅಂದ: "ಈಗ ಕಡ್ಲೆ ಇಲ್ಲ ಅಣ್ಣ. ಯಾರೋ ದೂರದಲ್ಲಿ ಅಕ್ಕಿ ಕುಟ್ಟಿದ ಹಾಗೆ." ತೆಳು ಗೋಡೆ ಚೂಪು ಸದ್ದನ್ನು ತಡೆದಷ್ಟು ಚೆನ್ನಾಗಿ ತಗ್ಗಿನ ಸದ್ದನ್ನು ತಡೆಯದು, ಅದಕ್ಕೆ ತೂಕ ಬೇಕು. ಮೇಲಾಗಿ ನನ್ನ ಮೇಜು ಆ ಗೋಡೆಗೇ ಒರಗಿತ್ತು. ಕೀಬೋರ್ಡಿನ ತುಪ್ ಮೇಜಿನ ಹಲಗೆಗೆ ಇಳಿದು, ಅಲ್ಲಿಂದ ಬೋರ್ಡಿಗೆ ದಾಟಿ, ಇಡೀ ಗೋಡೆಯೇ ತಬಲಾದ ಚರ್ಮದಂತೆ ಅವನ ಕಡೆ ನುಡಿಯುತ್ತಿತ್ತು. ಮೇಜನ್ನು ನಾಲ್ಕು ಬೆರಳು ಈಚೆ ಎಳೆದೆ, ಕೀಬೋರ್ಡಿನಡಿ ಹಳೆಯ ಯೋಗದ ಮ್ಯಾಟ್ ಕತ್ತರಿಸಿ ಹಾಸಿದೆ. ಅಕ್ಕಿ ಕುಟ್ಟುವುದೂ ನಿಂತಿತು.

ಇನ್ನು ಉಳಿದಿರುವುದು ಎಡಗಡೆಯ ಶಿಫ್ಟ್. ಉದ್ದದ ಕೀಲಿಗಳು ಓಲಾಡದಂತೆ ಅವುಗಳ ಕೆಳಗೊಂದು ತಂತಿಯ ಆಧಾರವಿರುತ್ತದೆ; ಸ್ವಿಚ್ ಎಷ್ಟೇ ಮೌನಿಯಾದರೂ ಆ ತಂತಿ ಸಡಿಲಾಗಿ ಗಡಗಡ ಎನ್ನುತ್ತದೆ. ಇಂಗ್ಲಿಷಿನವರಿಗೆ ಶಿಫ್ಟ್ ವಾಕ್ಯಕ್ಕೊಮ್ಮೆ. ನಮಗೆ ಪ್ರತಿ ದೀರ್ಘಕ್ಕೂ, ಪ್ರತಿ ಮಹಾಪ್ರಾಣಕ್ಕೂ. ತಂತಿಯ ತುದಿಗೆ ಹಲ್ಲುಕಡ್ಡಿಯಲ್ಲಿ ಒಂದು ಹನಿ ಗ್ರೀಸ್ ಇಟ್ಟರೆ ಸಾಕಂತೆ. ಎ.ಸಿ. ಮತ್ತೆ ಶುರುವಾಗುವ ಮೊದಲು, ತಂತಿಯ ಗಡಗಡ ಇನ್ನೂ ಕೇಳಿಸುತ್ತಿರುವಾಗಲೇ, ಒಂದು ಶುಕ್ರವಾರ ಅದನ್ನೂ ಬಿಚ್ಚಬೇಕು.