ನ್ಯೂ ಬೆಡ್‌ಫರ್ಡ್ ಎಂಬ ಹಡಗು

ನೌಕಾದಳದ ಹಡಗೆಂದೊಡನೆ ನಮ್ಮ ಮನಸ್ಸಿಗೆ ತೋಪುಗಳನ್ನು ಹೊತ್ತ ಯುದ್ಧನೌಕೆಯೇ ಹೊಳೆಯುವುದು. ಅಮೆರಿಕದ ‘ನ್ಯೂ ಬೆಡ್‌ಫರ್ಡ್’ ಅಂಥದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ದೇಶದ ಭೂಸೈನ್ಯವು ಸಾಮಾನು ಸಾಗಿಸಲೆಂದು ಕಟ್ಟಿಸಿದ ಚಿಕ್ಕ ಹಡಗು. ಉದ್ದ 200 ಅಡಿಗೂ ಕಡಿಮೆ. ಆಗ ಅದಕ್ಕೆ ಹೆಸರೂ ಇರಲಿಲ್ಲ, ಎಫ್. ಎಸ್. 289 ಎಂಬ ಸಂಖ್ಯೆ ಮಾತ್ರ. 1950ರಲ್ಲಿ ನೌಕಾದಳದ ಕೈಸೇರಿದ ಮೇಲೆ ಹೆಸರು ಬಂದಿತು.

ಅಟ್ಲಾಂಟಿಕ್ ಸಮುದ್ರದಲ್ಲಿ ಉಕ್ಕಿನ ಕಾಲುಗಳ ಮೇಲೆ ನಿಲ್ಲಿಸಿದ್ದ ರೇಡಾರ್ ಗೋಪುರಗಳಿಗೆ ಸಾಮಗ್ರಿಗಳನ್ನು ಒಯ್ಯುವುದು ಅದರ ಕೆಲಸವಾಯಿತು. ನ್ಯೂ ಜೆರ್ಸಿ ತೀರದಾಚೆಯ ನಾಲ್ಕನೆಯ ಗೋಪುರವು 1960ರ ಚಂಡಮಾರುತದಲ್ಲಿ ಜಖಂಗೊಂಡಿತ್ತು. ಅದರ ಕಾವಲಿಗೂ ದುರಸ್ತಿಗೂ 28 ಮಂದಿ ಉಳಿದಿದ್ದರು. 1961ನೆಯ ಜನವರಿ 15ರ ರಾತ್ರಿ ಮತ್ತೆ ಬಿರುಗಾಳಿ ಎದ್ದಿತು. ನಮ್ಮ ಹಡಗು ಅವರ ನೆರವಿಗೆಂದು ಅಲೆಗಳೊಡನೆ ಹೋರಾಡುತ್ತಿರುವಾಗಲೇ ಗೋಪುರದ ಗುರುತು ರೇಡಾರ್ ತೆರೆಯಿಂದ ಥಟ್ಟನೆ ಅಳಿಸಿಹೋಯಿತು. ಒಬ್ಬರೂ ಬದುಕಲಿಲ್ಲ. ಅದನ್ನು ಕಂಡ ನಾವಿಕರ ಎದೆ ಹೇಗಾಗಿದ್ದೀತೋ!

ಎರಡು ವರ್ಷಗಳ ತರುವಾಯ, 1963ರಲ್ಲಿ, ಇದೇ ಹಡಗನ್ನು ಟಾರ್ಪೀಡೋ ಸಂಶೋಧನೆಗಾಗಿ ಮಾರ್ಪಡಿಸಿದರು. ಪಶ್ಚಿಮ ತೀರದ ವಾಷಿಂಗ್‌ಟನ್ ಸಂಸ್ಥಾನದ ಕೀಪೋರ್ಟ್ ಅದರ ಮನೆಯಾಯಿತು. ಟಾರ್ಪೀಡೋ ಎಂದರೆ ನೀರೊಳಗೆ ತಾನಾಗಿ ಓಡಿ ಹಡಗನ್ನು ಸೀಳುವ ಆಯುಧ. ಪರೀಕ್ಷೆಯ ಟಾರ್ಪೀಡೋವಿನ ತಲೆಯಲ್ಲಿ ಮದ್ದಿರುವುದಿಲ್ಲ. ಅದರ ಬದಲು ಓಟದ ಆಳ, ದಿಕ್ಕು ಮುಂತಾದುವನ್ನು ಬರೆದಿಡುವ ಯಂತ್ರಗಳಿರುತ್ತವೆ. ಓಟ ಮುಗಿದ ಮೇಲೆ ಅದನ್ನು ನೀರಿನಿಂದೆತ್ತಿ ಲೆಕ್ಕ ನೋಡುವರು. ಭಾರವನ್ನು ಎತ್ತಿಳಿಸುವುದಕ್ಕೆಂದೇ ಹುಟ್ಟಿದ ಹಡಗಿಗೆ ಇದೇನು ಹೊಸ ವಿದ್ಯೆಯೆ? ಆಯುಧವು ಸಿಡಿಯದೆ ಹಿಂದಿರುಗಿದರೇ ಅಂದಿನ ಕೆಲಸ ಸಫಲ. ಆ ಶಾಂತವಾದ ನೀರಿನಲ್ಲಿ ಅದು ಹಲವು ವರ್ಷ ಇದನ್ನೇ ಮಾಡಿಕೊಂಡಿದ್ದಿತು.